ಅಮೆರಿಕದಲ್ಲಿ ರಿಹ್ಯಾಬ್ ಮುಗಿದ ಮೇಲೆ ಯಾರ ಆಸರೆ?

ಡ್ರಗ್ಸ್ ಚಟ ಬಿಡಿಸುವ ರಿಹ್ಯಾಬ್ ಮುಗಿಯಿತು, ಇನ್ನು ಚಿಂತೆ ಇಲ್ಲ ಅಂದುಕೊಳ್ಳಬೇಡಿ. ಜೊತೆಗೆ ಜನ ಬೇಕಾಗುವುದು ಆಮೇಲೆಯೇ. ಡಿಸ್ಚಾರ್ಜ್‌ಗೆ ಮೊದಲೇ ಕೇಸ್ ಮ್ಯಾನೇಜರ್ ಹತ್ತಿರ ಆಫ್ಟರ್‌ಕೇರ್ ಪ್ಲಾನ್ (ಮುಂದಿನ ಆರೈಕೆಯ ಯೋಜನೆ) ಕೇಳಿ ತೆಗೆದುಕೊಳ್ಳಿ. ಮುಂದೆ ಯಾರನ್ನು ನೋಡಬೇಕು, ಔಷಧಿ ಯಾರು ಬರೆದುಕೊಡುತ್ತಾರೆ ಎಂಬುದು ಅದರಲ್ಲಿರಲಿ.

ಅನೇಕರಿಗೆ ಮುಂದಿನ ಹಂತ ಐಒಪಿ, ಅಂದರೆ ಇಂಟೆನ್ಸಿವ್ ಔಟ್‌ಪೇಷಂಟ್ ಪ್ರೋಗ್ರಾಂ. ಮನೆಯಲ್ಲೇ ಇದ್ದು, ವಾರಕ್ಕೆ 9 ಗಂಟೆ ಅಥವಾ ಜಾಸ್ತಿ ಕೌನ್ಸೆಲಿಂಗ್‌ಗೆ ಹೋಗಿಬರುವುದು. ಯಾವ ಸೆಂಟರ್ ಇನ್-ನೆಟ್‌ವರ್ಕ್ (ನಿಮ್ಮ ಇನ್ಶೂರೆನ್ಸ್ ಜೊತೆ ಒಪ್ಪಂದ ಇರುವಂಥದ್ದು) ಎಂದು ಇನ್ಶೂರೆನ್ಸ್‌ನವರನ್ನು ಮೊದಲೇ ಕೇಳಿ. 26 ವರ್ಷ ತುಂಬುವವರೆಗೆ ಮಕ್ಕಳು ಅಪ್ಪ ಅಮ್ಮನ ಇನ್ಶೂರೆನ್ಸ್ ಪ್ಲಾನ್‌ನಲ್ಲೇ ಇರಬಹುದು.

ಊರಲ್ಲಿ ಹಳೇ ಸಹವಾಸ ಕಾಯುತ್ತಿದೆ ಅನ್ನಿಸಿದರೆ ಸೋಬರ್ ಲಿವಿಂಗ್ ಮನೆ, ಅಂದರೆ ಚಟ ಬಿಟ್ಟವರು ಒಟ್ಟಿಗೆ ಇರುವ ಮನೆ ನೋಡಿ. 1975ರಲ್ಲಿ ಮೇರಿಲ್ಯಾಂಡ್‌ನಲ್ಲಿ ಶುರುವಾದ ಆಕ್ಸ್‌ಫರ್ಡ್ ಹೌಸ್ ಈಗ ಹಲವು ರಾಜ್ಯಗಳಲ್ಲಿದೆ. ಅಲ್ಲಿ ವಾಸವಿರುವವರೇ ಮನೆ ನಡೆಸುತ್ತಾರೆ, ಖರ್ಚು ಹಂಚಿಕೊಳ್ಳುತ್ತಾರೆ. ಮತ್ತೆ ಡ್ರಗ್ಸ್ ಮುಟ್ಟಿದವರು ಮನೆ ಬಿಡಬೇಕು. ಡ್ರಗ್ಸ್ ಬಿಟ್ಟವರು ಒಬ್ಬರಿಗೊಬ್ಬರು ಆಸರೆಯಾಗುವ ಎನ್ಎ (ನಾರ್ಕಾಟಿಕ್ಸ್ ಅನಾನಿಮಸ್) ಮೀಟಿಂಗ್‌ಗಳಿಗೆ ಫೀಸ್ ಇಲ್ಲ. ಅದೇ ಕಷ್ಟ ದಾಟಿ ಬಂದವರ ಒಂದು ಮಾತು ನಮ್ಮ ಹತ್ತು ಬುದ್ಧಿಮಾತಿಗಿಂತ ಬೇಗ ನಾಟುತ್ತದೆ. ಮನೆಯವರಿಗೂ ನಾರ್-ಅನಾನ್ ಎಂಬ ಗುಂಪುಗಳಿವೆ. ದಯವಿಟ್ಟು ಹೋಗಿ. ನೀವೂ ಸೋತು ಸುಣ್ಣವಾಗಿರುತ್ತೀರಿ, ಅಲ್ವಾ?

'ನಮ್ಮವರಿಗೆ ಗೊತ್ತಾದರೆ?' ಎಂಬ ಭಯಕ್ಕೆ ಎಷ್ಟೋ ಮನೆಗಳು ಒಳಗೊಳಗೇ ನರಳುತ್ತವೆ. ಇಲ್ಲಿ ವ್ಯಸನ ಚಿಕಿತ್ಸೆಯ ದಾಖಲೆಗೆಂದೇ ಬೇರೆ ಫೆಡರಲ್ ಕಾನೂನಿದೆ. ತುರ್ತು ಚಿಕಿತ್ಸೆ, ಕೋರ್ಟ್ ಆದೇಶದಂಥ ಕೆಲವು ಸಂದರ್ಭ ಬಿಟ್ಟರೆ, ರೋಗಿಯ ಲಿಖಿತ ಒಪ್ಪಿಗೆ ಇಲ್ಲದೆ ಸೆಂಟರ್‌ನವರು ವಿಷಯ ಹೊರಗೆ ಬಿಡುವಂತಿಲ್ಲ. 18 ದಾಟಿದ ಮಗ ಸಹಿ ಹಾಕದಿದ್ದರೆ ಅಪ್ಪ ಅಮ್ಮನಿಗೂ ಹೇಳುವುದಿಲ್ಲ. ಬೇಜಾರಾಗುತ್ತದೆ, ನಿಜ. ಆದರೆ ಜಗಳ ಬೇಡ, ಸಮಾಧಾನವಾಗಿ ಕೇಳಿ. ಎಷ್ಟು ಹೇಳಬಹುದು ಎಂಬುದನ್ನು ಅವನೇ ತೀರ್ಮಾನಿಸಲಿ.

ಕೆಲಸದಲ್ಲಿರುವವರು ಎಚ್ಆರ್ ಹತ್ತಿರ ಎಫ್ಎಂಎಲ್ಎ (ಕುಟುಂಬ ಮತ್ತು ವೈದ್ಯಕೀಯ ರಜೆಯ ಫೆಡರಲ್ ಕಾನೂನು) ರಜೆ ಕೇಳಬಹುದು. ಅರ್ಹತೆ ಇದ್ದರೆ ಚಿಕಿತ್ಸೆಗೆ ವರ್ಷಕ್ಕೆ 12 ವಾರದವರೆಗೆ ಸಂಬಳವಿಲ್ಲದ ರಜೆ ಸಿಗುತ್ತದೆ. ಗ್ರೀನ್ ಕಾರ್ಡ್‌ಗೆ ಮಾಡುವ ಮೆಡಿಕಲ್ ಪರೀಕ್ಷೆಯಲ್ಲಿ ಡ್ರಗ್ಸ್ ಬಳಕೆಯನ್ನೂ ನೋಡುತ್ತಾರೆ. ವೀಸಾದಲ್ಲಿರುವವರು ಇಮಿಗ್ರೇಶನ್ ಲಾಯರ್‌ರನ್ನು ಕೇಳಿ. ಹೆದರಿ ಚಿಕಿತ್ಸೆ ಮಾತ್ರ ಬಿಡಿಸಬೇಡಿ.

ಹೆರಾಯಿನ್, ಫೆಂಟಾನಿಲ್‌ನಂಥ ಓಪಿಯಾಯ್ಡ್ ಬಿಟ್ಟವರ ಮನೆಯಲ್ಲಿ ಓವರ್‌ಡೋಸ್ ಆದಾಗ ಜೀವ ಉಳಿಸುವ ನಲಾಕ್ಸೋನ್ ಮೂಗಿನ ಸ್ಪ್ರೇ ಇರಲೇಬೇಕು. ಸ್ವಲ್ಪ ದಿನ ಬಿಟ್ಟಿದ್ದ ದೇಹ ಹಳೇ ಪ್ರಮಾಣವನ್ನು ತಡೆಯುವುದಿಲ್ಲ, ಜೀವವೇ ಹೋಗಬಹುದು. 2023ರಿಂದ ಈ ಸ್ಪ್ರೇ ಡಾಕ್ಟರ ಚೀಟಿ ಇಲ್ಲದೆಯೂ ಸಿಗುತ್ತದೆ. ಸ್ಪ್ರೇ ಕೊಟ್ಟರೂ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ.

ಎಲ್ಲಿಂದ ಶುರು ಮಾಡುವುದು ಎಂದು ತೋಚದಿದ್ದರೆ 1-800-662-4357ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಸಹಾಯವಾಣಿ, ಹಗಲು ರಾತ್ರಿ ಉಚಿತ. ಮನೆಯವರೂ ಕರೆ ಮಾಡಬಹುದು.