ಆ್ಯಕ್ಷನ್ ಫಿಗರ್‌ನ ಅಂಗಿ, ರೆಕ್ಸಿನ್, ರಬ್ಬರು

ಮಕ್ಕಳ ಆ್ಯಕ್ಷನ್ ಫಿಗರ್, ಅಂದರೆ ಕೈಕಾಲು ಆಡಿಸಬಹುದಾದ ವೀರರ ಗೊಂಬೆ, ಹಾಳಾಯಿತೆಂದು ಎಸೆಯುವ ಮೊದಲು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಪ್ಲಾಸ್ಟಿಕ್ ಮೈ ಹೆಚ್ಚಾಗಿ ಗಟ್ಟಿಯಾಗಿಯೇ ಇರುತ್ತದೆ. ಕೆಟ್ಟಿರುವುದು ಬಟ್ಟೆ, ರೆಕ್ಸಿನ್, ಇಲ್ಲವೇ ಒಳಗಿನ ರಬ್ಬರು. ನಮ್ಮ ಕರಾವಳಿಯ ಮಳೆಗಾಲದಲ್ಲಂತೂ ಇವುಗಳ ಮೇಲೆ ಕಣ್ಣಿಟ್ಟಿರಲೇಬೇಕು.

1964ರಲ್ಲಿ ಅಮೆರಿಕದ ಹ್ಯಾಸ್ಬ್ರೋ ಕಂಪನಿ ತಂದ ಮೊದಲ ಜಿ.ಐ. ಜೋ ಸೈನಿಕ ಗೊಂಬೆ ಸುಮಾರು ಒಂದಡಿ ಎತ್ತರ, ಮೈಮೇಲೆ ಹೊಲಿದ ಸಮವಸ್ತ್ರ. ಈಗಲೂ ದೊಡ್ಡ ಗೊಂಬೆಗಳಿಗೆ ಬಟ್ಟೆಯ ಅಂಗಿ, ಹೆಗಲಿಂದ ಇಳಿಬೀಳುವ ಕೇಪು ಬರುತ್ತವೆ. ಕಪ್ಪು, ಕೆಂಪು, ಕಡುನೀಲಿ ಬಟ್ಟೆ ಬಣ್ಣ ಬಿಟ್ಟು ಪ್ಲಾಸ್ಟಿಕ್ಕಿಗೆ ಇಳಿದರೆ ಆ ಕಲೆ ತೆಗೆಯುವುದು ಬಹಳ ಕಷ್ಟ. ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಅಂಗಿಯ ಒಳಮಡಿಕೆಯನ್ನು ಉಜ್ಜಿ ನೋಡಿ. ಬಣ್ಣ ಹತ್ತಿದರೆ ಬಿಚ್ಚಿ ಬೇರೆಯೇ ಇಡಿ. ತೊಳೆಯುವುದಿದ್ದರೆ ತಣ್ಣೀರಿಗೆ ಸ್ವಲ್ಪ ಅಂಟುವಾಳದ ರಸ ಸಾಕು. ಹಿಂಡಬೇಡಿ, ಟವೆಲ್ಲಿನ ನಡುವೆ ಇಟ್ಟು ಒತ್ತಿ, ನೆರಳಲ್ಲಿ ಹರಡಿ. ಟಿಚ್ ಬಟನ್ ಸಂದಿಯ ನೀರೂ ಆರಿದ ಮೇಲೆಯೇ ತೊಡಿಸಿ. ಕೇಪಿನ ಅಂಚಲ್ಲಿ ತಂತಿ ಇದ್ದರೆ ನೆನೆಸಲೇಬೇಡಿ, ತುಕ್ಕು ಬಟ್ಟೆಗೆ ಹತ್ತುತ್ತದೆ.

ರೆಕ್ಸಿನ್ ಕೋಟಿಗೆ ನೀರೂ ಬೇಡ, ಕೊಬ್ಬರಿ ಎಣ್ಣೆಯೂ ಬೇಡ. ಅದರ ಮೇಲ್ಪದರ ಪಾಲಿಯುರೆಥೇನ್ ಆಗಿದ್ದರೆ ಗಾಳಿಯ ತೇವಕ್ಕೇ ನಿಧಾನವಾಗಿ ಶಿಥಿಲವಾಗಿ ಚಕ್ಕೆ ಏಳುತ್ತದೆ. ಎದ್ದ ಮೇಲೆ ಉಪಾಯವಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿದಿಡದೆ, ಮಡಚದೆ, ಗಾಳಿಯಾಡುವ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ನುಸಿಗುಳಿಗೆ ಹಾಕಲೇಬೇಡಿ, ನಾಫ್ತಲೀನ್ ಆವಿಗೆ ಕೆಲವು ಪ್ಲಾಸ್ಟಿಕ್ ಮೆತ್ತಗಾಗುತ್ತದೆ.

ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದ ಫನ್‌ಸ್ಕೂಲ್ ಆಟಿಕೆ ಕಂಪನಿಯ ಚಿಕ್ಕ ಜಿ.ಐ. ಜೋಗಳನ್ನು ಎಷ್ಟೋ ಮಂದಿ ಇನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ, ನನಗದು ಬಹಳ ಸಂತೋಷ. ಅವುಗಳ ಸೊಂಟ ಜೋಲಾಡುತ್ತಿದ್ದರೆ ಗೊಂಬೆ ಮುರಿದಿದೆ ಎಂದುಕೊಳ್ಳಬೇಡಿ. ಕಾಲುಗಳ ಲೋಹದ ಕೊಕ್ಕೆಯನ್ನು ಎದೆಯೊಳಗೆ ಎಳೆದು ಹಿಡಿಯುವ ರಬ್ಬರ್ ಉಂಗುರ ಸತ್ತಿದೆ, ಅಷ್ಟೇ. ಬೆನ್ನಿನ ಸ್ಕ್ರೂ ಬಿಚ್ಚಿ, ಜೋಡಣೆಯ ಫೋಟೋ ತೆಗೆದುಕೊಂಡು, ಹಳೆಯ ಉಂಗುರದ ಅಳತೆಗೆ ಹೊಂದುವ ಓ-ರಿಂಗ್ ಹಾಕಿ. ನೋಟಿಗೆ ಸುತ್ತುವ ರಬ್ಬರ್ ಬ್ಯಾಂಡ್ ಬೇಡ, ಬೇಗ ಅಂಟಂಟಾಗಿ ತುಂಡಾಗುತ್ತದೆ. ಸ್ಕ್ರೂ ಕೂತಿತು ಅನ್ನಿಸಿದ ತಕ್ಷಣ ಕೈ ನಿಲ್ಲಿಸಿ. ಇನ್ನೊಂದು ಸುತ್ತು ಬಿಗಿದರೆ ಸ್ಕ್ರೂ ಹಿಡಿಯುವ ಪ್ಲಾಸ್ಟಿಕ್ಕಿನ ಸುರುಳಿಗೆರೆ ಕಿತ್ತುಹೋಗುತ್ತದೆ.