ಕಾಲೇಜಿನ ಸಾಧನೆಗಳ ವರದಿಯನ್ನು ಸಿದ್ಧಪಡಿಸುವ ಬಗೆ

ವಿಜ್ಞಾನ, ಸಾಹಿತ್ಯ, ಕಲೆಗಳನ್ನು ಒಟ್ಟಿಗೆ ಕಲಿಸುವ ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಹಾಗೂ ಅಧ್ಯಾಪಕರ ಸಾಧನೆಗಳ ವರದಿಯನ್ನು ಸಂಪಾದಿಸುವವರ ಮೇಜಿನ ಮೇಲೆ ರಸಾಯನಶಾಸ್ತ್ರದ ಸಂಶೋಧನಾ ಲೇಖನ, ಕವಿತೆಗಳ ಅನುವಾದ, ಪಿಟೀಲು ಕಚೇರಿ, ಚರ್ಚಾಸ್ಪರ್ಧೆಯ ಗೆಲುವು ಎಲ್ಲವೂ ಒಟ್ಟಿಗೆ ಬಂದು ಸೇರುತ್ತವೆ. ಇವುಗಳಲ್ಲಿ ಯಾವುದು ದೊಡ್ಡದು ಎಂದು ತೀರ್ಮಾನಿಸುವುದು ಸಂಪಾದಕರ ಕೆಲಸವಲ್ಲ. ಯಾರು, ಏನನ್ನು, ಎಲ್ಲಿ, ಯಾವಾಗ ಮಾಡಿದರು ಎಂಬುದನ್ನು ತಪ್ಪಿಲ್ಲದೆ ದಾಖಲಿಸುವುದೇ ಅವರ ಕೆಲಸ.

ಮೊದಲು ಎಲ್ಲ ವಿಭಾಗಗಳಿಗೂ ಒಂದೇ ನಮೂನೆಯ ಅರ್ಜಿಯನ್ನು ಕಳುಹಿಸಿ, ಪ್ರತಿ ಸಾಧನೆಯ ಜೊತೆಗೆ ಒಂದು ಆಧಾರವನ್ನೂ ಕೇಳಬೇಕು. ಅರ್ಜಿಯನ್ನು ತಾವಾಗಿ ತುಂಬುವವರು ಸಾಮಾನ್ಯವಾಗಿ ಪ್ರಚಾರಕ್ಕೆ ಹಿಂಜರಿಯದವರೇ ಆಗಿರುವುದರಿಂದ, ವಿಭಾಗದ ಮುಖ್ಯಸ್ಥರನ್ನು ವಿಚಾರಿಸಿ, ಸಂಕೋಚದಿಂದ ಸುಮ್ಮನಿರುವವರ ಹೆಸರುಗಳನ್ನೂ ಪಡೆಯಬೇಕು.

ಹೆಚ್ಚು ಎಚ್ಚರ ಬೇಕಾಗುವುದು ಕ್ರಿಯಾಪದದ ಆಯ್ಕೆಯಲ್ಲಿ. ಲೇಖನವನ್ನು ಸಲ್ಲಿಸಿರುವುದು, ಅದು ಪ್ರಕಟಣೆಗೆ ಸ್ವೀಕೃತವಾಗಿರುವುದು, ಪ್ರಕಟವಾಗಿರುವುದು ಮೂರೂ ಬೇರೆ ಬೇರೆ ಹಂತಗಳು. ನಾಮನಿರ್ದೇಶನಗೊಂಡವರನ್ನು ಪ್ರಶಸ್ತಿ ಪಡೆದವರೆಂದು ಬರೆಯಬಾರದು. 1946ರಲ್ಲಿ ಆರಂಭವಾದ, ಅಮೆರಿಕ ಸರ್ಕಾರದ ಅಂತರರಾಷ್ಟ್ರೀಯ ವಿದ್ಯಾರ್ಥಿವೇತನ ಯೋಜನೆಯಾದ ಫುಲ್‌ಬ್ರೈಟ್ ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳಿಗೂ ವಿದ್ವಾಂಸರಿಗೂ ಪ್ರತ್ಯೇಕ ವಿಭಾಗಗಳಿವೆ, ಅಂತಿಮ ಆಯ್ಕೆಗೆ ಮುಂಚಿನ ಸೆಮಿಫೈನಲಿಸ್ಟ್ ಎಂಬ ಹಂತವೂ ಇದೆ; ಆದ್ದರಿಂದ ‘ಫುಲ್‌ಬ್ರೈಟ್ ಗೌರವ’ ಎಂದಷ್ಟೇ ಬರೆದರೆ ಓದುಗರಿಗೆ ಏನೂ ತಿಳಿಯುವುದಿಲ್ಲ. ‘ನಮ್ಮ ಹೆಮ್ಮೆಯ ವಿದ್ಯಾರ್ಥಿನಿಯ ಸಂಶೋಧನೆಗೆ ಅಂತರರಾಷ್ಟ್ರೀಯ ಮನ್ನಣೆ’ ಎಂಬ ಸಾಲು ವಿಭಾಗದಿಂದ ಬಂದರೆ, ವಿಚಾರಿಸಿ ತಿಳಿದುಕೊಂಡು, ‘ಜೀವಶಾಸ್ತ್ರದ ಮೂರನೆಯ ವರ್ಷದ ವಿದ್ಯಾರ್ಥಿನಿ ಕಪ್ಪೆಗಳ ಕೂಗಿನ ಕುರಿತ ಪೋಸ್ಟರನ್ನು ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಮಂಡಿಸಿದರು’ ಎಂದು ತಿದ್ದಬೇಕು. ಹೆಮ್ಮೆ ಹೋಯಿತೆಂದು ವಿಭಾಗದವರು ಮುನಿಸಿಕೊಳ್ಳಬಹುದು, ಆದರೆ ಕಪ್ಪೆಗಳ ಕೂಗು ಓದುಗರ ನೆನಪಿನಲ್ಲಿ ಉಳಿಯುತ್ತದೆ.

ಹಲವರು ಸೇರಿ ಬರೆದ ಲೇಖನದಲ್ಲಿ ಹೆಸರುಗಳ ಕ್ರಮವನ್ನು ಬದಲಿಸಬಾರದು. ಗಣಿತದಲ್ಲಿ ಹೆಸರುಗಳು ಸಾಮಾನ್ಯವಾಗಿ ಅಕ್ಷರಾನುಕ್ರಮದಲ್ಲಿರುತ್ತವೆ. ಪ್ರಯೋಗಾಲಯದ ವಿಜ್ಞಾನಗಳಲ್ಲಿ ಮೊದಲ ಹೆಸರು ಹೆಚ್ಚು ಕೆಲಸ ಮಾಡಿದವರದು, ಕೊನೆಯದು ಬಹುಮಟ್ಟಿಗೆ ಮಾರ್ಗದರ್ಶಕರದು. ಅಧ್ಯಾಪಕರ ಹೆಸರನ್ನು ಗೌರವಕ್ಕೆಂದು ಮುಂದಕ್ಕೆ ತಂದರೆ ವಿದ್ಯಾರ್ಥಿಗೆ ಸಲ್ಲಬೇಕಾದ ಶ್ರೇಯಸ್ಸು ಕೈತಪ್ಪುತ್ತದೆ. ಹಾಗೆಯೇ ಚಿತ್ರಪ್ರದರ್ಶನ, ನಾಟಕ ನಿರ್ದೇಶನ, ಅನುವಾದಗಳನ್ನು ‘ಇತರೆ’ ಎಂಬ ಶೀರ್ಷಿಕೆಯಡಿ ತಳ್ಳುವುದು ಇಂಥ ಕಾಲೇಜಿಗೆ ಶೋಭಿಸುವುದಿಲ್ಲ.

ಪರಿಶೀಲನೆ ಕಷ್ಟವೇನಲ್ಲ. ಲೇಖನವನ್ನು ಅಂತರಜಾಲದಲ್ಲಿ ಹುಡುಕಲು ನೆರವಾಗುವ ಅದರ ಶಾಶ್ವತ ಗುರುತು, ಅಂದರೆ ಡಿಒಐ ಸಂಖ್ಯೆ, 10ರಿಂದ ಆರಂಭವಾಗುತ್ತದೆ. ಪುಸ್ತಕಗಳನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆ 2007ರಿಂದ 13 ಅಂಕಿಗಳದ್ದಾಗಿದೆ. ಒಂದೇ ಹೆಸರಿನ ಇಬ್ಬರು ಸಂಶೋಧಕರನ್ನು ಗುರುತಿಸಲು ಪ್ರತಿ ಸಂಶೋಧಕರಿಗೂ ಪ್ರತ್ಯೇಕವಾಗಿರುವ 16 ಅಂಕಿಗಳ ಓರ್ಕಿಡ್ (ORCID) ಸಂಖ್ಯೆ ನೆರವಾಗುತ್ತದೆ. ಪ್ರಶಸ್ತಿಯನ್ನು ಕೊಟ್ಟ ಸಂಸ್ಥೆಯ ಪಟ್ಟಿಯಲ್ಲೇ ನೋಡಿ ಖಚಿತಪಡಿಸಿಕೊಳ್ಳಬೇಕು. ಪಡೆಯುವವರಿಂದಲೇ ಹಣ ವಸೂಲಿ ಮಾಡುವ ಪ್ರಶಸ್ತಿಗಳನ್ನು ಕೈಬಿಡುವುದು ಲೇಸು.

ವಿದ್ಯಾರ್ಥಿಗಳ ಒಪ್ಪಿಗೆಯನ್ನು ಮರೆಯಬಾರದು. ಅಮೆರಿಕದಲ್ಲಿ ವಿದ್ಯಾರ್ಥಿಗಳ ದಾಖಲೆಗಳ ಗೋಪ್ಯತೆಯನ್ನು ಕಾಪಾಡುವ 1974ರ ಫೆರ್ಪಾ ಕಾಯ್ದೆಯಡಿ ಕಾಲೇಜುಗಳು ಪ್ರಶಸ್ತಿಗಳ ವಿವರವನ್ನು ಪ್ರಕಟಿಸಲು ಅವಕಾಶವಿದ್ದರೂ, ಬೇಡವೆಂದು ಹೇಳುವ ಹಕ್ಕು ವಿದ್ಯಾರ್ಥಿಗಿದೆ. ಕಾನೂನು ಏನೇ ಇರಲಿ, ಅಂತಿಮ ಕರಡನ್ನು ಸಂಬಂಧಪಟ್ಟವರಿಗೆ ಕಳುಹಿಸಿ, ಹೆಸರಿನ ಕಾಗುಣಿತವನ್ನೂ ಒಪ್ಪಿಗೆಯನ್ನೂ ಬರಹದಲ್ಲಿ ಪಡೆದ ಮೇಲೆಯೇ ವರದಿಯನ್ನು ಪ್ರಕಟಣೆಗೆ ಕೊಡಬೇಕು.