ಹದಿನಾಲ್ಕು ಮಕ್ಕಳು, ಹದಿನಾಲ್ಕು ಚೆಂಡು: ಫುಟ್‌ಬಾಲ್ ಬರ್ತ್‌ಡೇ ಪಾರ್ಟಿ ಮಾಡುವುದು ಹೇಗೆ

ನಾನು ಫುಟ್‌ಬಾಲ್ ಆಡಿದವನಲ್ಲ. ಆದರೂ ಎರಡು ಫುಟ್‌ಬಾಲ್ ಬರ್ತ್‌ಡೇ ಪಾರ್ಟಿ ಮಾಡಿದ್ದೇನೆ. ಮೊದಲನೆಯದು ಮಗನಿಗೆ ಆರು ತುಂಬಿದಾಗ, ಎರಡನೆಯದು ಮಗಳಿಗೆ ಎಂಟು ತುಂಬಿದಾಗ. ಮೊದಲನೆಯದು ಕೆಟ್ಟುಹೋಯಿತು. ಎರಡನೆಯದಕ್ಕೆ ಬಂದ ಮಕ್ಕಳು ಮನೆಗೆ ಹೊರಡಲು ಒಪ್ಪಲಿಲ್ಲ.

ಮೊದಲ ಸಲ ಆಗಿದ್ದು ಇಷ್ಟು. ಹದಿನಾರು ಮಕ್ಕಳನ್ನು ಎರಡು ತಂಡ ಮಾಡಿದೆ. ನಡುವೆ ಒಂದು ಚೆಂಡು ಇಟ್ಟು ಸೀಟಿ ಊದಿದೆ. ಮೊದಲೇ ಆಟ ಕಲಿತಿದ್ದ ಮೂವರು ಆಡಿದರು. ಉಳಿದವರು ಅವರ ಹಿಂದೆ ಜೇನುನೊಣದ ಹಿಂಡಿನ ಹಾಗೆ ಓಡಿದರು. ಹತ್ತು ನಿಮಿಷದಲ್ಲಿ ಒಬ್ಬಳು ಹುಲ್ಲು ಕೀಳುತ್ತಾ ಕೂತಿದ್ದಳು, ಇಬ್ಬರು ಜುಟ್ಟು ಹಿಡಿದುಕೊಂಡಿದ್ದರು. ಬರ್ತ್‌ಡೇ ಹುಡುಗ ಗೋಲಿನಲ್ಲಿ ನಿಂತು ಅಳುತ್ತಿದ್ದ. ಅವನ ಕಾಲಿಗೆ ಒಂದು ಸಲವೂ ಚೆಂಡು ಸಿಕ್ಕಿರಲಿಲ್ಲ.

ಹಾಗಾಗಿ ನಾನು ಹೇಳುವುದು ಒಂದೇ. ಒಂದು ಮಗುವಿಗೆ ಒಂದು ಚೆಂಡು. ಬಲೂನು, ಬ್ಯಾನರ್, ಚೆಂಡಿನ ಚಿತ್ರದ ತಟ್ಟೆ ಲೋಟ ಎಲ್ಲ ಕಡಿಮೆ ಮಾಡಿ, ಆ ದುಡ್ಡನ್ನು ಚೆಂಡಿಗೆ ಹಾಕಿ. ಆಮೇಲೆ ಆ ಚೆಂಡೇ ರಿಟರ್ನ್ ಗಿಫ್ಟ್. ಮಕ್ಕಳು ಬಂದ ಕೂಡಲೇ ಮಾರ್ಕರ್ ಕೊಟ್ಟು ಚೆಂಡಿನ ಮೇಲೆ ಹೆಸರು ಬರೆಯಲು ಹೇಳಿ. ಎಲ್ಲರೂ ಬರುವ ತನಕ ಅದೇ ಕೆಲಸ ಆಯಿತು, ಬೇರೆ ಕ್ರಾಫ್ಟು ಬೇಕಿಲ್ಲ. ಗಿಫ್ಟ್ ಚೀಲಕ್ಕೆ ಸೀಟಿ ಮಾತ್ರ ಹಾಕಬೇಡಿ. ನಾನು ಮೊದಲ ಸಲ ಹಾಕಿದ್ದೆ. ಒಬ್ಬರು ತಾಯಿ ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಚೆಂಡಿನ ಸೈಜ್ ನೋಡಿ ತನ್ನಿ. ಎಂಟರೊಳಗಿನವರಿಗೆ 3ನೇ ಸೈಜ್, 8ರಿಂದ 12ರವರಿಗೆ 4ನೇ ಸೈಜ್. ದೊಡ್ಡವರು ಆಡುವ 5ನೇ ಸೈಜಿನ ಚೆಂಡು 410ರಿಂದ 450 ಗ್ರಾಂ ತೂಗುತ್ತದೆ. ಆರು ವರ್ಷದ ಕಾಲಿಗೆ ಅದು ಕಲ್ಲು. ದೊಡ್ಡದಾದರೆ ಒದೆಯಲು ಸುಲಭ ಅಂದುಕೊಂಡು ಮೊದಲ ಸಲ ನಾನು ಅದನ್ನೇ ತಂದಿದ್ದೆ! ಮಗಳ ಪಾರ್ಟಿಗೆ ಏಳು ವರ್ಷದವರೂ ಬರುವವರಿದ್ದರು, ಸುಮ್ನೆ ಎಲ್ಲರಿಗೂ 3ನೇ ಸೈಜ್ ತಂದೆ. ಹಿಂದಿನ ರಾತ್ರಿಯೇ ಗಾಳಿ ತುಂಬಿಸಿ. ಪಂಪಿನ ಸೂಜಿಯನ್ನು ಒದ್ದೆ ಮಾಡಿ ಚುಚ್ಚಿ, ಇಲ್ಲದಿದ್ದರೆ ಒಳಗಿನ ವಾಲ್ವ್ ಹಾಳಾಗುತ್ತದೆ. ಗಾಳಿ ತೀರಾ ಬಿಗಿಯಾಗುವುದು ಬೇಡ.

ಆಹ್ವಾನವನ್ನು ಮ್ಯಾಚಿನ ಟಿಕೆಟ್ ಥರ ಮಾಡಿ. ನಿಜವಾದ ಮ್ಯಾಚು 45 ನಿಮಿಷದ ಎರಡು ಅವಧಿ, ನಡುವೆ 15 ನಿಮಿಷ ವಿರಾಮ. ಪಾರ್ಟಿಗೂ ಅದೇ ಲೆಕ್ಕ ಸರಿಹೊಂದುತ್ತದೆ. ನಾವು "4 ಗಂಟೆಗೆ ಕಿಕ್ ಆಫ್, 5:45ಕ್ಕೆ ಕೊನೆಯ ಸೀಟಿ" ಅಂತ ಬರೆದೆವು. ಕೆಳಗೆ ಮಗಳು ತಾನೇ ಸೇರಿಸಿದಳು: "ತಡವಾಗಿ ಬಂದವರಿಗೆ ಹಳದಿ ಕಾರ್ಡ್." ಅಷ್ಟರ ಮೇಲೂ ಮೂವರು ತಡವಾಗಿ ಬಂದರು, ಕಾರ್ಡು ಬೇಕು ಅಂತಲೇ.

ಈಗ ಆಟಗಳು. ಪಾರ್ಟಿ ನಿಲ್ಲುವುದೂ ಬೀಳುವುದೂ ಇಲ್ಲೇ.

ಮೊದಲು ಟ್ರಾಫಿಕ್ ಸಿಗ್ನಲ್ ಆಟ. ಎಲ್ಲರ ಕಾಲಲ್ಲೂ ಒಂದು ಚೆಂಡು. ಹಸಿರು ಕಾರ್ಡ್ ಎತ್ತಿದರೆ ಚೆಂಡು ತಳ್ಳಿಕೊಂಡು ಓಡಬೇಕು, ಹಳದಿಗೆ ನಿಧಾನ, ಕೆಂಪಿಗೆ ಚೆಂಡಿನ ಮೇಲೆ ಪಾದ ಇಟ್ಟು ನಿಲ್ಲಬೇಕು. ಫುಟ್‌ಬಾಲಿನ ಹಳದಿ, ಕೆಂಪು ಕಾರ್ಡುಗಳ ಹುಟ್ಟೂ ಹೀಗೆಯೇ. ಇಂಗ್ಲೆಂಡಿನ ರೆಫರಿ ಕೆನ್ ಆಸ್ಟನ್‌ಗೆ ಈ ಉಪಾಯ ಹೊಳೆದದ್ದು ಟ್ರಾಫಿಕ್ ದೀಪದ ಮುಂದೆ ಕಾರು ನಿಲ್ಲಿಸಿಕೊಂಡಿದ್ದಾಗ. 1970ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಅವು ಬಳಕೆಗೆ ಬಂದವು. ಇದನ್ನು ಹೇಳಿದ ಮೇಲೆ ಮಕ್ಕಳು ಕೆಂಪು ಕಾರ್ಡಿಗೆ ಇನ್ನೂ ಗಂಭೀರವಾಗಿ ನಿಂತರು. ಕಾರ್ಡು ಮಾತ್ರ ದೊಡ್ಡವರ ಕೈಯಲ್ಲೇ ಇರಲಿ. ಆರು ವರ್ಷದ ನನ್ನ ಮಗ ಎರಡೇ ನಿಮಿಷದಲ್ಲಿ ಎಲ್ಲರಿಗೂ ಕೆಂಪು ತೋರಿಸಿದ್ದ, ಅಜ್ಜಿಗೂ ಸೇರಿಸಿ.

ಎರಡನೆಯದು "ನಿನ್ನ ಚೆಂಡು ಕಾಪಾಡು." ಹದಿನೈದು ಹೆಜ್ಜೆ ಉದ್ದ, ಹದಿನೈದು ಹೆಜ್ಜೆ ಅಗಲದ ಚೌಕ ಹಾಕಿ. ಎಲ್ಲರೂ ಒಳಗೆ. ತಮ್ಮ ಚೆಂಡು ಬಿಡದೆ ಬೇರೆಯವರ ಚೆಂಡನ್ನು ಹೊರಗೆ ಒದೆಯಬೇಕು. ಚೆಂಡು ಹೊರಗೆ ಹೋದವರು ಔಟ್ ಅಲ್ಲ, ಇದು ಮುಖ್ಯ. ಚೆಂಡು ತಂದು, ಅದರ ಮೇಲೆ ಹತ್ತು ಸಲ ಪಾದ ಬದಲಿಸಿ ತಟ್ಟಿ, ಮತ್ತೆ ಒಳಗೆ ಬರಬೇಕು. ಔಟ್ ಆಗುವ ಆಟದಲ್ಲಿ ಮೊದಲು ಔಟ್ ಆಗುವುದು ಯಾವಾಗಲೂ ಆಡಲು ಬಾರದವರೇ. ಆಮೇಲೆ ಅವರು ಏನು ಮಾಡಬೇಕು? ಹುಲ್ಲು ಕೀಳಬೇಕು, ಅಷ್ಟೆ.

ಆಮೇಲೆ ಪೆನಾಲ್ಟಿ. ನಿಜವಾದ ಪೆನಾಲ್ಟಿ 11 ಮೀಟರ್ ದೂರದಿಂದ. ಮಕ್ಕಳಿಗೆ ದೊಡ್ಡವರ ಆರು ಹೆಜ್ಜೆ ಸಾಕು. ಯಾವ ಮಗುವನ್ನೂ ಗೋಲ್‌ಕೀಪರ್ ಮಾಡಬೇಡಿ. ಅಡುಗೆಮನೆಯ ಕೈಗವಸು ಹಾಕಿಕೊಂಡು ನಾನೇ ನಿಂತೆ, ಪ್ರತಿ ಸಲವೂ ತಪ್ಪು ಕಡೆಗೆ ಹಾರಿ ಬಿದ್ದೆ. ಮಂಡಿ ತರಚಿತು. ಪಾರ್ಟಿಯಲ್ಲಿ ಅತಿ ಜೋರಾಗಿ ನಕ್ಕಿದ್ದು ಅವಾಗಲೇ.

ಇಷ್ಟಾದ ಮೇಲೆ ಮ್ಯಾಚು ಆಡಿಸಿ. ಅದೂ ಚಿಕ್ಕದು. ಕಡೆಗೆ ಮೂವರು ನಾಲ್ವರು, ಪಕ್ಕಪಕ್ಕದಲ್ಲಿ ಎರಡು ಅಂಕಣ, ಕೀಪರ್ ಇಲ್ಲ, ಎರಡು ಹೆಜ್ಜೆ ಅಗಲದ ಗೋಲು, ಐದೈದು ನಿಮಿಷ. ತಂಡವನ್ನು ನೀವೇ ಮೊದಲೇ ಮಾಡಿಟ್ಟಿರಿ. ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಆರಿಸಿಕೊಳ್ಳುವ ಪದ್ಧತಿ ನನಗೆ ಕಂಡರಾಗದು. ಕೊನೆಗೆ ಉಳಿದ ಮಗುವಿನ ಮುಖ ನೋಡಿದ್ದೀರಾ? ಜೆರ್ಸಿ ಹೊಲಿಸಬೇಕಿಲ್ಲ, ತೋಳಿಗೆ ಬಣ್ಣದ ಬಟ್ಟೆ ತುಂಡು ಕಟ್ಟಿದರಾಯಿತು.

ಆಡಲು ಇಷ್ಟವೇ ಇಲ್ಲದ ಒಂದು ಮಗು ಪ್ರತಿ ಪಾರ್ಟಿಯಲ್ಲೂ ಇರುತ್ತದೆ. ಒತ್ತಾಯ ಮಾಡಬೇಡಿ, ಕೆಲಸ ಕೊಡಿ. ಮಗಳ ಗೆಳೆಯನೊಬ್ಬನಿಗೆ ಚೆಂಡು ಕಂಡರೆ ಭಯ. ಡ್ರಾಯಿಂಗ್ ಶೀಟ್ ಸುರುಳಿ ಸುತ್ತಿ ಕಹಳೆ ಮಾಡಿಕೊಟ್ಟು, ನೀನೇ ಕಾಮೆಂಟ್ರಿ ಹೇಳು ಅಂದೆ. "ಅವಳು ಓಡುತ್ತಿದ್ದಾಳೆ, ಚೆಂಡು ಹಿಂದೆಯೇ ಉಳಿದಿದೆ, ಅವಳಿಗೆ ಇನ್ನೂ ಗೊತ್ತಾಗಿಲ್ಲ!" ಆಡುವವರೇ ಆಟ ನಿಲ್ಲಿಸಿ ಕೇಳತೊಡಗಿದರು. ಅವನ ಜಾಗದಲ್ಲಿ ಒಬ್ಬರ ಅಮ್ಮ ಚಪ್ಪಲಿ ಬಿಚ್ಚಿಟ್ಟು ಆಡಲು ಇಳಿದರು.

ಎರಡು ಎಚ್ಚರ. ತಲೆಯಿಂದ ಚೆಂಡು ಹೊಡೆಯುವುದು ಬೇಡ ಅಂತ ಮೊದಲೇ ಹೇಳಿ. ಅಮೆರಿಕದ ಫುಟ್‌ಬಾಲ್ ಒಕ್ಕೂಟ ಕೂಡ 10 ಮತ್ತು ಅದರೊಳಗಿನ ಮಕ್ಕಳಿಗೆ ಅದನ್ನು ನಿಷೇಧಿಸಿದೆ. ಇನ್ನೊಂದು, ಕಬ್ಬಿಣದ ಗೋಲು ಇರುವ ಮೈದಾನವಾದರೆ ಅದನ್ನು ನೆಲಕ್ಕೆ ಬಿಗಿದಿದ್ದಾರಾ ಅಂತ ಅಲ್ಲಾಡಿಸಿ ನೋಡಿ. ಮಕ್ಕಳು ಮೇಲಿನ ಅಡ್ಡಪಟ್ಟಿಗೆ ನೇತಾಡುತ್ತಾರೆ, ಬಿಗಿಯದಿದ್ದರೆ ಇಡೀ ಗೋಲು ಮಗುಚಿ ಬೀಳುತ್ತದೆ. ನಾವು ನಾಲ್ಕು ಬಕೆಟ್ ಇಟ್ಟು ಎರಡು ಗೋಲು ಮಾಡಿಕೊಂಡೆವು. ಇನ್ನೊಂದು ಅಂಕಣಕ್ಕೆ ಮಕ್ಕಳ ಬ್ಯಾಗುಗಳೇ ಕಂಬ.

ವಿರಾಮದಲ್ಲಿ ನೀರು, ಕಿತ್ತಳೆ ಹೋಳು ಅಷ್ಟೇ ಕೊಡಿ. ಕೇಕ್ ಕೊನೆಗೆ. ಮೊದಲ ಪಾರ್ಟಿಯಲ್ಲಿ ವಿರಾಮದಲ್ಲೇ ಕೇಕ್ ಕತ್ತರಿಸಿದೆ, ಐದು ನಿಮಿಷ ಓಡಿದ ಮೇಲೆ ಒಬ್ಬ ಹುಡುಗ ಅದನ್ನು ಮೈದಾನದ ನಟ್ಟನಡುವೆ ವಾಪಸ್ ಕೊಟ್ಟ.

ಚೆಂಡಿನಂಥ ಕೇಕ್ ನೀವೇ ಮಾಡುವುದಾದರೆ ಒಂದು ಗುಟ್ಟು ಹೇಳುತ್ತೇನೆ. ಅರ್ಧಗೋಲದ ಬಟ್ಟಲಲ್ಲಿ ಕೇಕ್ ಬೇಯಿಸಿ ಬೋರಲು ಹಾಕಿ. ಕಪ್ಪು ಬಿಳುಪಿನ ಹಳೇ ಚೆಂಡಿನಲ್ಲಿ 32 ತುಂಡುಗಳಿರುತ್ತವೆ: ಐದು ಮೂಲೆಯ ಕಪ್ಪು 12, ಆರು ಮೂಲೆಯ ಬಿಳಿ 20. 1970ರ ವಿಶ್ವಕಪ್ಪಿನ ಟೆಲ್‌ಸ್ಟಾರ್ ಚೆಂಡು ಹೀಗಿತ್ತು, ಕಪ್ಪು ಬಿಳುಪು ಟಿವಿಯಲ್ಲಿ ಎದ್ದು ಕಾಣಲಿ ಅಂತ. ಕೇಕಿನ ನೆತ್ತಿಗೆ ಒಂದು ಕಪ್ಪು, ಅದರ ಐದು ಬದಿಗೂ ಒಂದೊಂದು ಬಿಳಿ, ನೆತ್ತಿಯ ಕಪ್ಪಿನ ಐದು ಮೂಲೆಗಳ ನೇರಕ್ಕೆ ಸ್ವಲ್ಪ ಕೆಳಗೆ ಒಂದೊಂದು ಕಪ್ಪು. ಎರಡು ಕಪ್ಪು ಎಲ್ಲೂ ತಾಗಬಾರದು. ನಾನು ಮೊದಲು ಎಲ್ಲವನ್ನೂ ಆರು ಮೂಲೆಯಾಗೇ ಕತ್ತರಿಸಿದೆ. ಆರು ಮೂಲೆಯವನ್ನೇ ಜೋಡಿಸುತ್ತಾ ಹೋದರೆ ಅವು ನೆಲದ ಟೈಲ್ಸಿನ ಹಾಗೆ ಚಪ್ಪಟೆಯಾಗಿ ಕೂರುತ್ತವೆ, ದುಂಡಗೆ ಬಾಗುವುದೇ ಇಲ್ಲ. ರಾತ್ರಿ ಹನ್ನೊಂದಕ್ಕೆ ಇದು ಅರ್ಥವಾಯಿತು.

ಅಲಂಕಾರ? ಹಸಿರು ಮೇಜುಬಟ್ಟೆಗೆ ಬಿಳಿ ಟೇಪ್ ಅಂಟಿಸಿ ಅಂಕಣದ ಗೆರೆ ಮಾಡಿ, ಮುಗಿಯಿತು. ಮಳೆ ಬಂದರೆ ಒಳಗೆ ಕಾಲುಚೀಲದ ಉಂಡೆಗಳೇ ಚೆಂಡು, ಕುರ್ಚಿ ಕಾಲುಗಳೇ ಗೋಲು. ಪೆನಾಲ್ಟಿ, ಸಿಗ್ನಲ್ ಎರಡೂ ಆಡಬಹುದು.

ಕೊನೆಯ ಹತ್ತು ನಿಮಿಷ ಮಕ್ಕಳೆಲ್ಲ ಒಂದು ಕಡೆ, ಕರೆದೊಯ್ಯಲು ಬಂದ ಅಪ್ಪ ಅಮ್ಮಂದಿರು ಇನ್ನೊಂದು ಕಡೆ. ದೊಡ್ಡವರು ಓಡುವಂತಿಲ್ಲ, ನಡೆಯಬೇಕು. ನಾವು 9–2ರಲ್ಲಿ ಸೋತೆವು. ಆಮೇಲೆ ಕೇಕ್, ಆಮೇಲೆ ಹೆಸರು ನೋಡಿ ಚೆಂಡು ಕೊಡುವುದು. ನಮ್ಮಲ್ಲಿ ಒಂದು ಚೆಂಡು ಉಳಿಯಿತು. ಕಾಮೆಂಟ್ರಿ ಹುಡುಗ ಅದನ್ನು ಬಿಟ್ಟು ಡ್ರಾಯಿಂಗ್ ಶೀಟಿನ ಕಹಳೆ ಒಯ್ದಿದ್ದ.